ಮೈಕಾಸುರನೂ ಮರದ ದನಿಯೂ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಸಭೆ ಸಮಾರಂಭ ಎಂದರೆ ಮೊದಲು ತೀರ್ಮಾನವಾಗುವುದು ಅಧ್ಯಕ್ಷರು ಯಾರು ಎಂಬುದು. ಎರಡನೆಯದು ಊಟಕ್ಕೆ ಏನು ಎಂಬುದು. ಮೂರನೆಯದು ಸ್ಪೀಕರ್ ಬಾಕ್ಸು ಎಷ್ಟು ಎಂಬುದು. ವೇದಿಕೆಯ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಆಳೆತ್ತರದ ಕಪ್ಪು ಪೆಟ್ಟಿಗೆಗಳು ನಿಂತರೆ ಕಾರ್ಯಕ್ರಮ ಅರ್ಧ ಗೆದ್ದಂತೆ ಎಂದು ನಮ್ಮ ಸಮಿತಿಗಳವರ ನಂಬಿಕೆ. ಆ ಪೆಟ್ಟಿಗೆಗಳಿಂದ ಹೊರಬೀಳುವ ದನಿ ಎಲ್ಲಿಂದ ಹೊರಟಿತು, ಹೇಗೆ ತಂತಿ ಸೇರಿತು, ದಾರಿಯಲ್ಲಿ ಏನೇನು ಕಳೆದುಕೊಂಡಿತು ಎಂದು ಕೇಳುವವರು ಯಾರೂ ಇಲ್ಲ. ನನ್ನ ಜಗಳ ಇರುವುದು ಇಲ್ಲೇ.

ಜಗಳದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಮರದ ಗಿಟಾರಿಗೆ, ಅದರಂತೆಯೇ ವೀಣೆಗೆ, ತಂಬೂರಿಗೆ, ಎರಡು ದನಿಗಳಿವೆ. ಒಂದು ತಂತಿಯದು, ಇನ್ನೊಂದು ಮರದ್ದು. ನಮ್ಮ ಸಮಾರಂಭಗಳಲ್ಲಿ ತಂತಿಯ ದನಿಯೊಂದನ್ನೇ ಹಿಡಿದು ಹತ್ತು ಪಟ್ಟು ಹಿಗ್ಗಿಸಿ, ಮರದ ದನಿಯನ್ನು ವೇದಿಕೆಯ ಮೇಲೆಯೇ ಕೊಂದು ಬರುತ್ತೇವೆ. ಇದಕ್ಕೆ ಮದ್ದು ಇನ್ನೊಂದು ಜೊತೆ ಸ್ಪೀಕರ್ ಅಲ್ಲ. ಎರಡು ದನಿಗಳನ್ನೂ ಬೇರೆ ಬೇರೆಯಾಗಿ ಹಿಡಿದು, ಬೇರೆ ಬೇರೆಯಾಗಿ ತಿದ್ದಿ, ಹದವಾಗಿ ಬೆರೆಸಿ ಕಳುಹಿಸುವ ಒಂದು ಚಿಕ್ಕ ಪೆಟ್ಟಿಗೆ. ಅದರ ಹೆಸರು ಎರಡು ಚಾನೆಲ್‌ಗಳ ಪ್ರೀಆಂಪ್. ಅದನ್ನು ಆರಿಸುವವರು ಮೈಕ್ ಸೆಟ್‌ನವರಲ್ಲ, ನಾವೇ ಆಗಬೇಕು.

“ಇದು ಗಂಡಸರ ವಿಷಯ, ಮೇಡಂ” ಎಂದು ಈಗಾಗಲೇ ಕೆಲವರು ಪುಟ ತಿರುಗಿಸುತ್ತಿರಬಹುದು. ಸ್ವಲ್ಪ ತಾಳಿ. ಮಿಕ್ಸಿಯಲ್ಲಿ ಚಟ್ನಿಗೆ ಎಷ್ಟು ಸ್ಪೀಡು, ದೋಸೆಹಿಟ್ಟಿಗೆ ಎಷ್ಟು ಎಂದು ಶಬ್ದ ಕೇಳಿಯೇ ಹೇಳುವವರು ನಾವು. ಕುಕ್ಕರಿನ ಸೀಟಿ ಸ್ವಲ್ಪ ಬದಲಾದರೆ ಗ್ಯಾಸ್ಕೆಟ್ ಹೋಯಿತು ಎಂದು ಹಜಾರದಲ್ಲಿ ಕೂತೇ ಗುರುತಿಸುವವರು ನಾವು. ಮಗು ಹಸಿವಿಗೆ ಅಳುತ್ತಿದೆಯೋ ಹೊಟ್ಟೆನೋವಿಗೆ ಅಳುತ್ತಿದೆಯೋ ಎಂದು ಗೋಡೆಯಾಚೆಯಿಂದ ತಿಳಿಯುವ ಕಿವಿ ನಮ್ಮದು. ಇಂಥ ಕಿವಿಯುಳ್ಳವರು ದನಿಯ ವಿಷಯವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರುವುದೇ ಮೊದಲ ತಪ್ಪು.

ಇನ್ನು ಕೆಲವರು “ಗಿಟಾರು ನಮ್ಮದಲ್ಲ, ಅದರ ಉಸಾಬರಿ ನಮಗೇಕೆ?” ಎನ್ನುತ್ತಾರೆ. ಹಾಗೆ ನೋಡಿದರೆ ಪಿಟೀಲು ಯಾರದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಬಿಳಿಯರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇವತ್ತು ಪಿಟೀಲಿಲ್ಲದ ಕಚೇರಿ ಉಂಟೇ? ಭಜನೆ ಮನೆಯ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಗಿಟಾರಾದರೂ ಅಷ್ಟು ದೂರದ್ದಲ್ಲ. ಪ್ರಪಂಚದ ಎಷ್ಟೋ ಗಿಟಾರುಗಳ ಬೆನ್ನು, ಪಕ್ಕೆಗಳು ದಕ್ಷಿಣ ಭಾರತದ ಬೀಟೆ ಮರದವು. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಕಡೆ ಚರ್ಚಿನ ಹಾಡಿಗೆ ಗಿಟಾರು ಹೊಸದೇನಲ್ಲ. ಸುಗಮ ಸಂಗೀತದ ವೇದಿಕೆಯಲ್ಲಿ ಅದು ಬಂದು ಕೂತು ದಶಕಗಳಾದವು. ಈಗ ಫೋನ್ ನೋಡಿಕೊಂಡು ತಾವಾಗಿಯೇ ಕಲಿಯುವ ಹೆಣ್ಣುಮಕ್ಕಳು ನಮ್ಮ ಪೇಟೆಗಳಲ್ಲೇ ಇದ್ದಾರೆ. ನಮ್ಮ ಹುಡುಗಿಯ ಕೈಗೆ ಬಂದ ಮೇಲೆ ಅದು ನಮ್ಮದೇ.

ದನಿ ಹಿಂದಿನ ಸಾಲಿಗೂ ಮುಟ್ಟಬೇಕೆಂಬ ಚಿಂತೆಯೂ ಹೊಸದಲ್ಲ. ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ದಾರಿಯಲ್ಲೇ ಸಿಗುವ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಮೈಕು ಅಪರೂಪವಾಗಿದ್ದ ಕಾಲದಲ್ಲಿ ಇದೇ ಚಿಂತೆ ಮಾಡಿದರು. ಪಿಟೀಲಿನ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಹಾಕಿ ಏಳು ತಂತಿ ಮಾಡಿಕೊಂಡರು. ಜೊತೆಯ ತಂತಿ ಅದೇ ಸ್ವರವನ್ನು ಇನ್ನೊಂದು ಸ್ಥಾಯಿಯಲ್ಲಿ ನುಡಿಯಿತು. ದನಿ ದೊಡ್ಡದಾಯಿತು, ತುಂಬಿಯೂ ಬಂತು. ಗಮನಿಸಿ: ಅವರು ಬರೀ ಜೋರಾಗಿ ಬಿಲ್ಲು ಎಳೆಯಲು ಹೋಗಲಿಲ್ಲ. ಎರಡು ದನಿಗಳನ್ನು ಬೆರೆಸಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನ ಕಟ್ಟಿದ್ದೇವೆ. ಅವರ ವಿವೇಕ ಮಾತ್ರ ನಮ್ಮೂರ ಶಾಮಿಯಾನದ ಕೆಳಗೆ ಬರಲಿಲ್ಲ.

ಗಿಟಾರಿನ ತಂತಿ ಮೀಟಿದಾಗ ಏನಾಗುತ್ತದೆ ನೋಡಿ. ತಂತಿಯೊಂದೇ ಇದ್ದರೆ ಅದರ ದನಿ ಸೊಳ್ಳೆಯ ದನಿಯಷ್ಟೇ. ಅದರ ನಡುಕ ಕುದುರೆಯ ಮೂಲಕ ಮೇಲಿನ ತೆಳು ಹಲಗೆಗೆ ಇಳಿಯುತ್ತದೆ. ಹಲಗೆ ಅದುರಿ ಹೊಟ್ಟೆಯೊಳಗಿನ ಗಾಳಿಯನ್ನು ಅಲುಗಿಸುತ್ತದೆ. ಆಗ ನಾವು ಕೇಳುವ ತುಂಬು ದನಿ ಹುಟ್ಟುತ್ತದೆ. ವೀಣೆಯಲ್ಲಿ ಹಲಸಿನ ಮರದ ಕೊಡ ಮಾಡುವ ಕೆಲಸವೂ ಇದೇ. ಹಾಗಾದರೆ ಈ ದನಿಯನ್ನು ವಿದ್ಯುತ್ತಿನ ತಂತಿಗೆ ಹತ್ತಿಸುವುದು ಎಲ್ಲಿ?

ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಕುದುರೆಯ ಮೇಲಿನ ಪಟ್ಟಿಯ ಕೆಳಗೆ ಕೂರಿಸುವ ಪಿಯೆಜೊ ಪಿಕಪ್. ಒತ್ತಡವನ್ನೇ ವಿದ್ಯುತ್ತಾಗಿಸುವ ಪಟ್ಟಿ ಅದು. ಅದರ ದನಿ ಸ್ಪಷ್ಟ, ಗದ್ದಲದಲ್ಲೂ ಸುಲಭವಾಗಿ ಸಿಳ್ಳೆ ಹೊಡೆಯದು. ಆದರೆ ಒಣ, ಗಡಸು, ಪ್ಲಾಸ್ಟಿಕ್ಕಿಗೆ ಬಡಿದಂತೆ. ಎರಡನೆಯದು ಹೊಟ್ಟೆಯ ತೂತಿಗೆ ಅಡ್ಡಲಾಗಿ ಸಿಕ್ಕಿಸುವ ಅಯಸ್ಕಾಂತದ ಪಿಕಪ್. ಇದು ಉಕ್ಕಿನ ತಂತಿಯನ್ನಷ್ಟೇ ಗುರುತಿಸುತ್ತದೆ, ನೈಲಾನ್ ತಂತಿ ಹಾಕಿದರೆ ಮೂಕ. ದನಿ ದಪ್ಪ, ಬೆಚ್ಚಗೆ, ಆದರೆ ಮರದ ಸುಳಿವಿಲ್ಲ. ಮೂರನೆಯದು ಗಿಟಾರಿನೊಳಗೆ ಕೂರಿಸುವ ಪುಟ್ಟ ಮೈಕು, ಇಲ್ಲವೆ ಹಲಗೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು. ಮರದ ಉಸಿರು ಸಿಗುವುದು ಇದರಲ್ಲೇ. ಆದರೆ ಸ್ಪೀಕರಿನ ದನಿ ತಿರುಗಿ ಬಂದು ಹಲಗೆಯನ್ನು ಅಲುಗಿಸಿದರೆ ಸಾಕು, ಕುಯ್ಯೋ ಎಂದು ಅರಚುತ್ತದೆ. ಒಂದಕ್ಕೆ ಗಟ್ಟಿತನ ಇದೆ, ಜೀವ ಇಲ್ಲ. ಇನ್ನೊಂದಕ್ಕೆ ಜೀವ ಇದೆ, ಗಟ್ಟಿತನ ಇಲ್ಲ. ರೇಷ್ಮೆ ನೇಯುವ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಹಾಸೂ ಬೇಕು, ಹೊಕ್ಕೂ ಬೇಕು. ಒಂದನ್ನೇ ಹಿಡಿದರೆ ಅದು ನೂಲು, ಸೀರೆಯಲ್ಲ.

ಒಂದನ್ನೇ ಹಿಡಿದುದರ ಫಲ ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಗಿಟಾರು ನುಡಿಸಿ ಹಾಡಿದಳು. ತಾಲೀಮಿನಲ್ಲಿ ಸ್ಟಾಫ್ ರೂಮಿನವರೆಲ್ಲ ಕೆಲಸ ಬಿಟ್ಟು ಬಂದು ಕೇಳಿದ್ದ ಹಾಡು ಅದು. ವೇದಿಕೆಯಲ್ಲಿ ಆ ಗಿಟಾರಿನ ಏಕೈಕ ಪಿಕಪ್ಪಿನ ವೈರನ್ನು ಮೈಕ್ ಸೆಟ್‌ನವನು ತನ್ನ ಮಿಕ್ಸರಿಗೆ ನೇರವಾಗಿ ಚುಚ್ಚಿದ. ಮೇಲೆ ಧಾರಾಳವಾಗಿ ಎಕೋ ಸುರಿದ. ಬಂದ ದನಿ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದಂತಿತ್ತು. ಕೆಳಗಿಳಿದವಳಿಗೆ ಒಬ್ಬರು ಪ್ರೀತಿಯಿಂದಲೇ ಹೇಳಿದರು: “ಮುಂದಿನ ಸಲ ಟ್ರ್ಯಾಕ್ ಹಾಕ್ಕೊಂಡು ಹಾಡವ್ವ, ಚೆನ್ನಾಗಿರ್ತದೆ.” ಅವಳ ತಾಯಿಗೆ ದುಡ್ಡು ದಂಡವಾಯಿತು ಎನಿಸಿತು. ಗಿಟಾರು ಬೀರುವಿನ ಮೇಲೆ ಹೋಯಿತು. ಹುಡುಗಿಯ ಬೆರಳಲ್ಲಿ ದೋಷವಿರಲಿಲ್ಲ, ಗಿಟಾರಿನಲ್ಲೂ ಇರಲಿಲ್ಲ. ದೋಷ ಇದ್ದದ್ದು ನಡುವೆ. ಆದರೆ ನಮ್ಮಲ್ಲಿ ಯಂತ್ರ ಕೆಟ್ಟರೂ ಬೈಗುಳ ಹುಡುಗಿಗೇ. ನೀವೇ ಹೇಳಿ, ಎಷ್ಟು ಮನೆಗಳ ಬೀರುವಿನ ಮೇಲೆ ಎಷ್ಟು ವಾದ್ಯಗಳು ಹೀಗೆ ಧೂಳು ತಿನ್ನುತ್ತಿರಬಹುದು!

ಈಗ ಆ ಚಿಕ್ಕ ಪೆಟ್ಟಿಗೆಯ ವಿಷಯಕ್ಕೆ ಬರೋಣ. ಅಂಗಡಿಯವನು ಹೊಳೆಯುವ ದೀಪಗಳನ್ನು ತೋರಿಸಿ ಮರುಳು ಮಾಡುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು ಕೆಲವು ಇವೆ.

ಮೊದಲನೆಯದು, ಪೆಟ್ಟಿಗೆ ಎಷ್ಟು ಎಳೆಯುತ್ತದೆ? ಬ್ಯಾಟರಿ ಇಲ್ಲದ ಪಿಯೆಜೊ ಪಿಕಪ್ಪು ಒರತೆ ಕಡಿಮೆಯಿರುವ ಬಾವಿ ಇದ್ದಂತೆ. ಅದಕ್ಕೆ ದೊಡ್ಡ ಮೋಟಾರು ಹಾಕಿದರೆ ಬರುವುದು ಗಾಳಿ, ಕೆಸರು. ಚಿಕ್ಕ ಬಿಂದಿಗೆಯಲ್ಲಿ ಸೇದಿದರೆ ತಿಳಿನೀರು. ಮೈಕ್ ಸೆಟ್‌ನ ಮಿಕ್ಸರುಗಳು ಈ ದುರ್ಬಲ ದನಿಯನ್ನು ವಿಪರೀತ ಎಳೆಯುತ್ತವೆ, ಆಗ ಮೊದಲು ಸಾಯುವುದು ಕೆಳಸ್ಥಾಯಿ. ಡಬ್ಬದ ದನಿಯ ಗುಟ್ಟು ಇದೇ. ಆದ್ದರಿಂದ ಇನ್‌ಪುಟ್ ಇಂಪೆಡೆನ್ಸ್ ಕಡಿಮೆಯೆಂದರೆ ಒಂದು ಮೆಗಾ ಓಮ್ ಇದೆಯೇ ಎಂದು ಕೇಳಿ; ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಗಿಟಾರಿನ ಪಕ್ಕೆಯಲ್ಲೇ ಬ್ಯಾಟರಿಯ ಗೂಡು ಇದ್ದರೆ ಈ ತೊಂದರೆ ಕಡಿಮೆ.

ಎರಡನೆಯದು, ಎರಡೂ ಚಾನೆಲ್‌ಗಳು ನಿಜವಾಗಿ ಬೇರೆ ಬೇರೆಯೇ? ಕೆಲವು ಪೆಟ್ಟಿಗೆಗಳಲ್ಲಿ ತೂತು ಎರಡು, ತಿರುಗಣೆ ಒಂದೇ. ಅತ್ತೆ ಸೊಸೆಗೆ ಒಂದೇ ಉಪ್ಪಿನ ಲೆಕ್ಕ ಹಾಕಿದ ಹಾಗೆ. ಪ್ರತಿ ಚಾನೆಲ್‌ಗೂ ಅದರದೇ ಗೇನ್, ಅದರದೇ ಟೋನ್ ತಿರುಗಣೆಗಳು ಇರಲೇಬೇಕು. ಪಿಯೆಜೊದ ಚುಚ್ಚುವ ಕರ್ಕಶವನ್ನು ತಗ್ಗಿಸಬೇಕು, ಮೈಕಿನ ಗುಡುಗುಟ್ಟುವ ಕೆಳದನಿಯನ್ನು ಕತ್ತರಿಸಬೇಕು. ಒಬ್ಬಳ ಕಾಯಿಲೆಗೆ ಇನ್ನೊಬ್ಬಳಿಗೆ ಮಾತ್ರೆ ಕೊಟ್ಟರೆ ಹೇಗೆ?

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಅಂಗಡಿಯವರು ಹೇಳದೇ ಬಿಡುವುದೂ ಇದನ್ನೇ: ಫೇಸ್ ತಿರುಗಿಸುವ ಗುಂಡಿ ಇದೆಯೇ? ಬೀಸುಕಲ್ಲಿನ ಮುಂದೆ ಎದುರುಬದುರು ಕೂತು ಒಂದೇ ಗೂಟ ಹಿಡಿದು ರಾಗಿ ಬೀಸುವ ಇಬ್ಬರು ಹೆಂಗಸರನ್ನು ನೆನಪಿಸಿಕೊಳ್ಳಿ. ಇಬ್ಬರ ಕೈಯೂ ಒಂದೇ ಲಯದಲ್ಲಿದ್ದರೆ ಕಲ್ಲು ಹೂವಿನಂತೆ ತಿರುಗುತ್ತದೆ. ಒಬ್ಬಳು ನೂಕುವಾಗ ಇನ್ನೊಬ್ಬಳೂ ತನ್ನ ಕಡೆಯಿಂದ ನೂಕಿದರೆ ಇಬ್ಬರೂ ಬೆವರುತ್ತಾರೆ, ಕಲ್ಲು ಅಲ್ಲಾಡುವುದಿಲ್ಲ. ಎರಡು ಪಿಕಪ್‌ಗಳ ಕಥೆಯೂ ಇಷ್ಟೇ. ಒಂದರ ಅಲೆ ಏರುವಾಗ ಇನ್ನೊಂದರದು ಇಳಿದರೆ ಒಂದನ್ನೊಂದು ನುಂಗಿಹಾಕುತ್ತವೆ. ಕೆಳಸ್ಥಾಯಿ ಮಾಯವಾಗಿ ದನಿ ಟೊಳ್ಳಾಗುತ್ತದೆ. ಆಗ ಆ ಗುಂಡಿ ಒತ್ತಿದರೆ ಒಂದರ ಅಲೆ ಮಗುಚಿಕೊಂಡು ಎರಡೂ ಕೈಗೂಡುತ್ತವೆ. ಯಾವ ಸ್ಥಿತಿ ಸರಿ ಎಂದು ಪುಸ್ತಕ ನೋಡಬೇಕಿಲ್ಲ. ಒತ್ತಿ ಕೇಳಿ, ಬಿಟ್ಟು ಕೇಳಿ. ಯಾವುದರಲ್ಲಿ ದನಿ ಹೆಚ್ಚು ತುಂಬಿದೆಯೋ ಅದೇ ಸರಿ. ಮೈಕು ತಂತಿಯಿಂದ ತುಸು ದೂರ ಇರುವುದರಿಂದ ಅದರ ದನಿ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಹಾಗಾಗಿ ಈ ಗುಂಡಿ ಎಲ್ಲ ಸ್ವರಗಳನ್ನೂ ಸರಿಮಾಡದು. ಕೆಳಸ್ಥಾಯಿಯನ್ನು ಪಿಯೆಜೊಗೆ ಬಿಟ್ಟು ಮೈಕಿನಿಂದ ಮೇಲಿನ ಉಸಿರನ್ನಷ್ಟೇ ತೆಗೆದುಕೊಂಡರೆ ಆ ತಕರಾರೂ ಬಹುಪಾಲು ತೀರುತ್ತದೆ, ಸಿಳ್ಳೆಯೂ ತಗ್ಗುತ್ತದೆ.

ಮಿಕ್ಕವು ಸಣ್ಣವು, ಆದರೆ ಬಿಡುವಂಥವಲ್ಲ. ಸಿಳ್ಳೆ ಹೊಡೆಯುವ ಒಂದೇ ಸ್ವರವನ್ನು ಮುಳ್ಳು ತೆಗೆದಂತೆ ಕಿತ್ತು ಹಾಕುವ ನಾಚ್ ಫಿಲ್ಟರ್ ಇರಲಿ. ಎರಡು ಪಿಕಪ್‌ಗಳು ಒಂದೇ ಸ್ಟೀರಿಯೊ ಜಾಕಿನಿಂದ ಹೊರಬರುವ ಗಿಟಾರುಗಳಿವೆ, ಅಂಥ ವೈರನ್ನು ಪೆಟ್ಟಿಗೆ ಒಪ್ಪಿಕೊಳ್ಳಬೇಕು. ಹೊರಗಿನ ಕಂಡೆನ್ಸರ್ ಮೈಕು ಬಳಸುವುದಾದರೆ 48 ವೋಲ್ಟಿನ ಫ್ಯಾಂಟಮ್ ಬೇಕು. ಹೊರಹೋಗುವ ದಾರಿ ಮೂರು ಕಾಲಿನ ಎಕ್ಸ್‌ಎಲ್‌ಆರ್ ಆಗಿರಲಿ; ವೇದಿಕೆಯಿಂದ ಮಿಕ್ಸರಿನವರೆಗೆ ಉದ್ದಕ್ಕೂ ಎಳೆದರೂ ಗೊರಗೊರ ಸೇರುವುದಿಲ್ಲ. ಕರೆಂಟು ಹೋದಾಗ ಜನರೇಟರ್ ಹಾಕುವ ನಮ್ಮ ಕಡೆ ಗುಂಯ್ ಎನ್ನುವ ಹಾಡು ಯಾರಿಗೆ ಗೊತ್ತಿಲ್ಲ? ಅದಕ್ಕೆ ಗ್ರೌಂಡ್ ಲಿಫ್ಟ್ ಎಂಬ ಗುಂಡಿ ಇದೆ. ಇನ್ನೊಂದು ಮಾತು: ಎರಡು ಪಿಕಪ್ಪಿನ ವೈರುಗಳನ್ನು ಹೆಣೆದು ಒಂದೇ ತೂತಿಗೆ ಚುಚ್ಚಿಕೊಡುತ್ತೇನೆ ಎನ್ನುವ ಬುದ್ಧಿವಂತರು ಸಿಗುತ್ತಾರೆ. ಹಾಗೆ ಮಾಡಿದರೆ ಎರಡು ಪಿಕಪ್‌ಗಳೂ ಒಂದರ ರಕ್ತ ಒಂದು ಹೀರುತ್ತವೆ. ನಯವಾಗಿ ಬೇಡವೆನ್ನಿ.

ಖರ್ಚಿನ ಮಾತು ಬಂದೇ ಬರುತ್ತದೆ. ಗ್ರೇಸ್ ಡಿಸೈನ್‌ನ ‘ಫೆಲಿಕ್ಸ್’, ಹೆಡ್‌ವೇಯ ‘ಇಡಿಬಿ-2’ ಇಂಥ ಎರಡು ಚಾನೆಲ್‌ಗಳ ಹೆಸರುವಾಸಿ ಪೆಟ್ಟಿಗೆಗಳು ಹೊರದೇಶದವು. ಕಲಿಯುವ ಮಕ್ಕಳ ಗಿಟಾರಿನ ಬೆಲೆಗಿಂತ ಅವುಗಳ ಬೆಲೆಯೇ ಹೆಚ್ಚು. ಒಂದೊಂದು ಮನೆಯೂ ಅದನ್ನು ಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಮೂರು ಶಾಲೆ ಸೇರಿ ಒಂದನ್ನು ಕೊಳ್ಳಬಹುದು, ಮಹಿಳಾ ಸಮಾಜದ ಬೀರುವಿನಲ್ಲಿ ಒಂದು ಇರಬಹುದು. ಅದೂ ಆಗದಿದ್ದರೆ ವಾದ್ಯದ ವೈರಿಗೆಂದೇ ಬೇರೆ ತೂತು, ಫ್ಯಾಂಟಮ್, ಪ್ರತಿ ಚಾನೆಲ್‌ಗೂ ಟೋನ್ ಇರುವ ಚಿಕ್ಕ ಮಿಕ್ಸರು ಸಾಕು. ಅದರಲ್ಲಿ ಸಾಮಾನ್ಯವಾಗಿ ಫೇಸ್ ಗುಂಡಿ ಇರುವುದಿಲ್ಲ ಎಂಬುದನ್ನು ತಿಳಿದೇ ಕೊಳ್ಳಿ. ವರ್ಷ ವರ್ಷವೂ ಬಾಕ್ಸುಗಳ ಬಾಡಿಗೆಗೆ ಸುರಿಯುವ ದುಡ್ಡನ್ನು ಲೆಕ್ಕ ಹಾಕಿದವರು ಬಡತನದ ಮಾತಾಡಲಾರರು.

ಸ್ಪೀಕರು ಹೆಚ್ಚಿಸಿದರೆ ತಪ್ಪೇನು ಎಂದು ಕೇಳುವವರಿಗೆ ಕಾನೂನಿನ ನೆನಪು ಮಾಡಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು, ಸರ್ಕಾರ ವಿನಾಯಿತಿ ಕೊಟ್ಟ ಕೆಲವು ಹಬ್ಬದ ದಿನಗಳನ್ನು ಬಿಟ್ಟು. ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದ ಮುದುಕರು ಇರುವ ಬೀದಿಯಲ್ಲಿ ಈ ಮಿತಿಯನ್ನು ಗಾಳಿಗೆ ತೂರುವುದು ನಮಗೆಲ್ಲ ಗೊತ್ತಿರುವ ಕಥೆ. ದನಿ ಸ್ಪಷ್ಟವಾಗಿಲ್ಲದಾಗ ಜೋರು ಮಾಡುತ್ತೇವೆ. ಜೋರು ಮಾಡಿದಷ್ಟೂ ಅಸ್ಪಷ್ಟವಾಗುತ್ತದೆ. ಮೈಕಾಸುರನ ಹೊಟ್ಟೆ ತುಂಬಿದ್ದುಂಟೇ?

ಇನ್ನೊಂದು ಪಕ್ಷದವರು ಇದ್ದಾರೆ, ನಾನು ಗೌರವಿಸುವ ಪಕ್ಷ. “ನಾದಕ್ಕೆ ಕರೆಂಟೇಕೆ? ವೀಣೆಗೆ, ತಂಬೂರಿಗೆ ವೈರು ಕಟ್ಟುವುದೇ ಅಪಚಾರ” ಎನ್ನುವವರು. ನಲವತ್ತು ಜನ ಕೂತ ಮನೆಯ ಹಜಾರದಲ್ಲಿ, ದೇವಸ್ಥಾನದ ಪ್ರಾಕಾರದಲ್ಲಿ ಅವರ ಮಾತು ನೂರಕ್ಕೆ ನೂರು ನಿಜ. ಅಲ್ಲಿ ಸ್ವಿಚ್ಚು ಆರಿಸಿ. ನಿಶ್ಶಬ್ದವಾದ ವೇದಿಕೆಯಲ್ಲಿ ಒಂದೇ ವಾದ್ಯವಿದ್ದರೆ ಮುಂದೆ ಇಟ್ಟ ಒಂದು ಒಳ್ಳೆಯ ಮೈಕಿಗಿಂತ ಮಿಗಿಲಾದದ್ದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ನಮ್ಮ ಸೀಮೆಯ ವೇದಿಕೆಗಳು ಹಾಗಿವೆಯೇ? ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಕರೆಯುತ್ತೇವೆ. ಬಾಯಿಗೆ ಮೈಕು, ಡಕ್ಕೆಗೆ ಮೈಕು. ತಂಬೂರಿಗೆ ಏನೂ ಇಲ್ಲ. ಅದು ಕೈಯಲ್ಲಿದೆ ಎಂದು ಕಾಣುತ್ತದೆ, ಕೇಳುವುದಿಲ್ಲ. ಕೇಳದ ಮೇಲೆ ಶ್ರುತಿಗೆ ಕೀಬೋರ್ಡ್ ಬಂತು. ಕೀಬೋರ್ಡ್ ಬಂದ ಮೇಲೆ ತಂಬೂರಿ ಫೋಟೋಕ್ಕೆ ಹಿಡಿಯುವ ವಸ್ತುವಾಗುವ ದಿನ ದೂರವಿಲ್ಲ. ಮಾದಪ್ಪನ ಗುಡ್ಡರ ಕಂಸಾಳೆಗೆ ಈ ಭಯವಿಲ್ಲ. ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ತಾಗಿದರೆ ಕಂಚು ಯಾರ ಹಂಗೂ ಇಲ್ಲದೆ ಬೆಟ್ಟಕ್ಕೆ ಕೇಳುತ್ತದೆ. ತಂತಿ ವಾದ್ಯದ ಗಂಟಲು ಮೆತ್ತನೆಯದು. ಅದನ್ನು ಡ್ರಮ್ಮಿನ ಪಕ್ಕದಲ್ಲಿ ಬರಿಗೈಯಲ್ಲಿ ಕೂರಿಸಿ ಪಾವಿತ್ರ್ಯದ ಮಾತಾಡುವುದು ಅದನ್ನು ಉಳಿಸುವ ದಾರಿಯಲ್ಲ, ಮರ್ಯಾದೆಯಿಂದ ಮುಗಿಸುವ ದಾರಿ. ಗಿಟಾರಿಗೆ ಹೇಳಿದ ನ್ಯಾಯವೇ ವೀಣೆಗೂ ತಂಬೂರಿಗೂ ಸಲ್ಲುತ್ತದೆ: ಹಲಗೆಗೆ ಒಂದು ಕಾಂಟ್ಯಾಕ್ಟ್ ಮೈಕು, ಎದುರಿಗೆ ಒಂದು ಗಾಳಿಯ ಮೈಕು, ನಡುವೆ ಎರಡು ಚಾನೆಲ್.

ಆರಿಸುವ ಬಗೆಯನ್ನೂ ಹೇಳಿಬಿಡುತ್ತೇನೆ. ಅಂಗಡಿಗೆ ನಿಮ್ಮದೇ ವಾದ್ಯ ಒಯ್ಯಿರಿ. ಮೊದಲು ವೈರಿಲ್ಲದೆ ನುಡಿಸಿ ಕೇಳಿ, ಆ ದನಿಯೇ ನಿಮ್ಮ ಅಳತೆಗೋಲು. ಆಮೇಲೆ ಮೊದಲ ಚಾನೆಲ್ ಒಂದೇ, ನಂತರ ಎರಡನೆಯದು ಒಂದೇ, ಕೊನೆಗೆ ಎರಡೂ. ಫೇಸ್ ಗುಂಡಿ ಒತ್ತಿ ನೋಡಿ. ಗಟ್ಟಿ ದನಿಯದು ಮುಕ್ಕಾಲು, ಮರದ್ದು ಕಾಲು ಎಂದು ಶುರುಮಾಡಿ ಸಾರಿಗೆ ಉಪ್ಪು ಹಾಕುವಂತೆ ಸ್ವಲ್ಪ ಸ್ವಲ್ಪವೇ ಏರಿಸಿ. ಕಾರ್ಯಕ್ರಮದ ದಿನ ವೇದಿಕೆಯ ಬಳಿ ನಿಂತು ತಲೆಯಾಡಿಸಬೇಡಿ. ಕೊನೆಯ ಸಾಲಿಗೆ ಹೋಗಿ. ಅಲ್ಲಿ ಮಗು ಮಲಗಿಸಿಕೊಂಡು ಕೂತ ಹೆಂಗಸನ್ನು “ಅಕ್ಕಾ, ಹೆಂಗೆ ಕೇಳ್ತದೆ?” ಎಂದು ಕೇಳಿ. ಅವಳ ಉತ್ತರಕ್ಕಿಂತ ದೊಡ್ಡ ಯಂತ್ರ ಯಾವುದೂ ಇಲ್ಲ.

ಇನ್ನು ಮೈಕ್ ಸೆಟ್‌ನ ಹುಡುಗರ ಮೇಲೆ ನನಗೆ ಕೋಪವಿಲ್ಲ. ಒಂದೇ ದಿನ ಮದುವೆ, ಮೆರವಣಿಗೆ, ಭಾಷಣ ಎಲ್ಲಕ್ಕೂ ಓಡುವವರು ಅವರು. ಭಾಷಣಕ್ಕೆ ಹೊಂದಿಸಿದ ತಿರುಗಣೆಯಲ್ಲೇ ಸಂಗೀತವನ್ನೂ ಸಾಗಿಸುತ್ತಾರೆ. ಯಾರೂ ಅವರನ್ನು ಬೇರೆಯದನ್ನು ಕೇಳಿಲ್ಲ. ಕೇಳಬೇಕಾದವರು ನಾವು. ಎರಡು ಚಾನೆಲ್‌ಗಳ ಆ ಪೆಟ್ಟಿಗೆ ನುಡಿಸುವವಳ ಕಾಲ ಬಳಿ ಇದ್ದರೆ ಅವಳ ದನಿಯ ಹದ ಅವಳ ಕೈಯಲ್ಲೇ ಇರುತ್ತದೆ. ಮಿಕ್ಸರಿನವರಿಗೆ ಹೋಗುವುದು ಅಡುಗೆ ಮುಗಿದ ಪಾತ್ರೆ, ಅವರು ಬಡಿಸಿದರಾಯಿತು. ಹೆಣ್ಣುಮಕ್ಕಳು ವೈರು ಮುಟ್ಟಬಾರದು ಎನ್ನುವವರು ಅಂಜುವುದು ಕರೆಂಟಿಗಲ್ಲ, ಈ ಹದ ಕೈಬದಲಾಗುವುದಕ್ಕೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮುಂದಿನ ವಾರ್ಷಿಕೋತ್ಸವದ, ರಾಜ್ಯೋತ್ಸವದ, ಗಣಪತಿ ಕೂರಿಸುವ ಸಮಿತಿಯ ಖರ್ಚಿನ ಪಟ್ಟಿ ನಿಮ್ಮ ಕೈಗೆ ಬಂದಾಗ ‘ಸ್ಪೀಕರ್ ಬಾಕ್ಸು ಎಂಟು’ ಎಂಬಲ್ಲಿ ಎಂಟನ್ನು ಹೊಡೆದು ನಾಲ್ಕು ಮಾಡಿ. ಅದರ ಕೆಳಗೆ ಒಂದು ಸಾಲು ಬರೆಯಿರಿ: ‘ಎರಡು ಚಾನೆಲ್ ಪ್ರೀಆಂಪ್, ಒಂದು.’ ಇದೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ಬೀಸುಕಲ್ಲಿನ ಉದಾಹರಣೆಯಿಂದ ಶುರುಮಾಡಿ.